ದುಂಬಿಯ ವಂಶಾವಳಿ ಮತ್ತು ನಮ್ಮ ಮಕ್ಕಳ ಅಂಕಪಟ್ಟಿ

ಬೇಸಿಗೆ ರಜೆಯಲ್ಲಿ ಬೇಲೂರಿನ ತಂಗಿಯ ಮನೆಗೆ ಹೋಗಿದ್ದಾಗ ಅವಳ ಮಗನ ನೋಟ್ ಪುಸ್ತಕವೊಂದು ನಮ್ಮ ಕಣ್ಣಿಗೆ ಬಿತ್ತು. ಇನ್ನೂರು ಪುಟದ ಪುಸ್ತಕ. ಮೊದಲ ನಾಲ್ಕೈದು ಪುಟಗಳಲ್ಲಿ ಶಾಲೆಯ ಗಣಿತ, ಅದರ ಮೇಲೆಲ್ಲ ಕೆಂಪು ಶಾಯಿಯ ಗೀಟು. ಅಲ್ಲಿಂದ ಮುಂದೆ ಪ್ರತಿ ಪುಟದಲ್ಲೂ ಅಡಿಗೋಲು ಇಟ್ಟು ಗೆರೆ ಎಳೆದ ಕೋಷ್ಟಕ. ಎಡಗಡೆ ಕ್ರಮಸಂಖ್ಯೆ, ನಂತರ ತಾಯಿ, ತಂದೆ, ಆಮೇಲೆ ಆರು ಕಾಲಂ, ಕೊನೆಯಲ್ಲಿ 'ಇಟ್ಟುಕೊಂಡೆ' ಅಥವಾ 'ಬಿಟ್ಟೆ' ಎಂಬ ಷರಾ. ಕ್ರಮಸಂಖ್ಯೆ 214ಕ್ಕೆ ಬಂದು ನಿಂತಿತ್ತು.

"ಇದು ಯಾವ ಲೆಕ್ಕಾನಪ್ಪಾ?" ಎಂದು ಕೇಳಿದೆವು.

"ದುಂಬಿ ಲೆಕ್ಕ ಮಾಮು" ಎಂದ.

ಅಡುಗೆಮನೆಯಿಂದ ತಂಗಿಯ ದನಿ ಬಂತು. "ನೋಡಿ ಭಾಯ್, ಒಂಬತ್ತನೇ ಕ್ಲಾಸಿಗೆ ಬಂದಿದ್ದಾನೆ, ಗಣಿತದಲ್ಲಿ ಪಾಸಾಗೋದೇ ಕಷ್ಟ. ದಮ್ಮಾಮ್‌ನಿಂದ ಇವನ ಚಾಚಾ ಆ ಆಟದ ಪೆಟ್ಟಿಗೆ ತಂದುಕೊಟ್ಟ ಮೇಲೆ ಪುಸ್ತಕ ಮುಟ್ಟಿಲ್ಲ." ಪುಸ್ತಕ ಮುಟ್ಟಿಲ್ಲ ಎಂಬ ಮಾತು ನಿಜವಲ್ಲ ಎನ್ನುವುದಕ್ಕೆ ಸಾಕ್ಷಿ ನಮ್ಮ ಕೈಯಲ್ಲೇ ಇತ್ತು. ಆದರೆ ಆ ಹೊತ್ತಿನಲ್ಲಿ ನಾವು ಸುಮ್ಮನಿದ್ದೆವು.

ಕತೆ, ಕಾದಂಬರಿ, ನಾಟಕ, ಸಿನೆಮಾಗಳಿಗೆ ನಮ್ಮಲ್ಲಿ ವಿಮರ್ಶಕರಿದ್ದಾರೆ. ನಮ್ಮ ಮಕ್ಕಳು ದಿನಕ್ಕೆ ಎರಡು ಗಂಟೆ ಕಣ್ಣು ಕೀಲಿಸಿ ಕೂರುವ ಆಟಗಳಿಗೆ ವಿಮರ್ಶಕರಿಲ್ಲ, ಬೈಯುವವರು ಮಾತ್ರ ಇದ್ದಾರೆ. ಒಂದು ಆಟವೂ ಒಂದು ಕೃತಿಯೇ. ಅದಕ್ಕೂ ಒಂದು ಲೋಕದೃಷ್ಟಿ ಇರುತ್ತದೆ, ಅದು ಯಾವುದನ್ನು ಮೆಚ್ಚುತ್ತದೆ, ಯಾವುದನ್ನು ಮರೆಮಾಚುತ್ತದೆ ಎಂಬುದನ್ನು ಓದಿ ತಿಳಿಯಬಹುದು. ಹಾಗೆ ಓದುವ ಒಂದು ಸಣ್ಣ ಪ್ರಯತ್ನ ಇದು.

ಆಟದ ಹೆಸರು ಪೋಕೆಮಾನ್. ಇದನ್ನು ರೂಪಿಸಿದ ಸತೋಶಿ ತಾಜಿರಿ ಟೋಕಿಯೋದ ಅಂಚಿನ ಮಾಚಿದಾ ಎಂಬಲ್ಲಿ ಬೆಳೆದವರು. ಬಾಲ್ಯದಲ್ಲಿ ಅವರಿಗೆ ಹುಳು ಹಿಡಿಯುವ ಹುಚ್ಚು. ಊರು ಬೆಳೆದು ಕೆರೆ, ಗದ್ದೆ, ಕಾಡುಗಳು ಕಟ್ಟಡಗಳಡಿ ಹೋದ ಮೇಲೆ ಹುಳುಗಳೂ ಕಾಣೆಯಾದವು. ತಮಗೆ ಸಿಕ್ಕ ಆ ಸಂತೋಷ ಮುಂದಿನ ಮಕ್ಕಳಿಗೂ ಸಿಗಲಿ ಎಂಬ ಆಸೆಯೂ ಈ ಆಟದ ಹಿಂದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಮೊದಲ ಆಟ ಬಂತು. ಸತ್ತ ಕೆರೆಗಳ ನೆನಪಿನಲ್ಲಿ ಹುಟ್ಟಿದ ಆಟ ಎಂದರೆ ತಪ್ಪಾಗಲಾರದು. 1999ರ ಆವೃತ್ತಿಯಲ್ಲಿ ಎರಡು ಹೊಸ ಸಂಗತಿಗಳು ಸೇರಿದವು. ಒಂದು, ಜೀವಿಗಳನ್ನು ಜೋಡಿಮಾಡಿ ಮೊಟ್ಟೆ ಪಡೆಯುವ ವ್ಯವಸ್ಥೆ. ಇನ್ನೊಂದು, ಹೆರಾಕ್ರಾಸ್ ಎಂಬ ನೀಲಿ ಬಣ್ಣದ, ಮುಂದಲೆಯಲ್ಲಿ ಕೊಂಬಿರುವ ದುಂಬಿ. ನಮ್ಮ ಹುಡುಗ ಸಾಕುತ್ತಿರುವುದು ಇದನ್ನೇ, 2022ರಲ್ಲಿ ಬಂದ ಆವೃತ್ತಿಯಲ್ಲಿ.

ಲೆಕ್ಕ ಹೀಗಿದೆ. ಪ್ರತಿ ದುಂಬಿಗೂ ಆರು ಹುಟ್ಟುಗುಣಗಳು: ಜೀವಬಲ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ. ಪ್ರತಿ ಗುಣಕ್ಕೂ ಸೊನ್ನೆಯಿಂದ 31ರವರೆಗೆ ಒಂದು ಅಂಕ. ಅದು ಹುಟ್ಟುವಾಗಲೇ ನಿಗದಿಯಾಗುತ್ತದೆ. ಆಟ ಈ ಅಂಕವನ್ನು ನೇರವಾಗಿ ಹೇಳದೆ 'ಅತ್ಯುತ್ತಮ', 'ಪರವಾಗಿಲ್ಲ' ಎಂಬಂಥ ಮಾತುಗಳಲ್ಲಿ ಸೂಚಿಸುತ್ತದೆ. ಆದ್ದರಿಂದ ಬರೆದಿಟ್ಟುಕೊಳ್ಳಬೇಕು. ಒಂದು ಗುಣಕ್ಕೆ ಪೂರ್ತಿ 31 ಬರುವ ಸಾಧ್ಯತೆ 32ರಲ್ಲಿ ಒಂದು. ಆರಕ್ಕೂ ಬರಬೇಕೆಂದರೆ 32ನ್ನು ಆರು ಸಲ ಗುಣಿಸಬೇಕು. ಉತ್ತರ 107 ಕೋಟಿಗೂ ಹೆಚ್ಚು. ಅದೃಷ್ಟವನ್ನು ನಂಬಿ ಕೂತರೆ 107 ಕೋಟಿ ಮೊಟ್ಟೆಗೆ ಒಂದು ದುಂಬಿ ಎಂದಾಯಿತು.

ಆದರೆ ಮರಿ ತನ್ನ ಆರು ಗುಣಗಳಲ್ಲಿ ಮೂರನ್ನು ತಾಯಿತಂದೆಯರಿಂದ ಪಡೆಯುತ್ತದೆ. 2013ರ ಆವೃತ್ತಿಯಿಂದೀಚೆಗೆ ಹೆತ್ತವರಲ್ಲಿ ಒಂದಕ್ಕೆ ಒಂದು ಬಗೆಯ ಕೆಂಪು ದಾರ ಹೊರಿಸಿದರೆ, ಇಬ್ಬರ ಒಟ್ಟು ಹನ್ನೆರಡು ಅಂಕಗಳಲ್ಲಿ ಐದು ಮರಿಗೆ ಇಳಿಯುತ್ತವೆ. ಒಳ್ಳೆಯ ಮರಿಯನ್ನು ಉಳಿಸಿಕೊಂಡು ಅದನ್ನೇ ಮುಂದಿನ ತಲೆಮಾರಿಗೆ ಹೆತ್ತವರನ್ನಾಗಿ ಮಾಡುತ್ತ ಹೋದರೆ, ಕೊನೆಗೆ ಇಬ್ಬರೂ ಪರಿಪೂರ್ಣರಾದ ಜೋಡಿ ಸಿಗುತ್ತದೆ. ಆಗ ಐದು ಗುಣ ಖಚಿತ, ಆರನೆಯದು ಮಾತ್ರ ಅದೃಷ್ಟ. ಅಂದರೆ 107 ಕೋಟಿಗೊಂದು ಇದ್ದದ್ದು 32ಕ್ಕೊಂದು ಆಗುತ್ತದೆ. ಗಣಿತದಲ್ಲಿ ಪಾಸಾಗಲು ಒದ್ದಾಡುವ ಹುಡುಗ ಇದನ್ನು ನಮಗೆ ಚಾಪೆಯ ಮೇಲೆ ಕೂರಿಸಿ ಹೇಳಿಕೊಟ್ಟ. ಎಲ್ಲಿಯೂ ತಪ್ಪಲಿಲ್ಲ.

ಈ ಆಟದ ಮೊದಲ ಗುಣ ಇಲ್ಲಿದೆ. ಯಾರೂ ಹೇಳದಿದ್ದರೂ ಒಬ್ಬ ಹುಡುಗ 214 ಜೀವಿಗಳ ವಿವರ ಬರೆದಿಡುವಂತೆ ಅದು ಮಾಡಿದೆ. ಬರೆದಿಡುವುದು, ಹೋಲಿಸುವುದು, ಕಾಯುವುದು, ಮತ್ತೆ ಪ್ರಯತ್ನಿಸುವುದು ಸಣ್ಣ ವಿದ್ಯೆಯಲ್ಲ, ಮನುಷ್ಯ ಶತಮಾನಗಳಿಂದ ಕಲಿಯುತ್ತ ಬಂದ ವಿದ್ಯೆ. ಒಂಬತ್ತನೆಯ ಶತಮಾನದಲ್ಲಿ ಬಸ್ರಾದ ಅಲ್-ಜಾಹಿಝ್ ಪ್ರಾಣಿಗಳ ಬಗ್ಗೆ ಬರೆದ 'ಕಿತಾಬುಲ್ ಹಯವಾನ್' ಎಂಬ ದೊಡ್ಡ ಗ್ರಂಥದಲ್ಲಿ ಪಾರಿವಾಳ ಸಾಕುವವರ ಪ್ರಸಂಗ ಬರುತ್ತದೆ. ಅರಬರು ತಮ್ಮ ಕುಲಗಳ ವಂಶಾವಳಿ ಇಡುವಂತೆ ಅವರು ಹಕ್ಕಿಗಳ ವಂಶಾವಳಿ ಇಡುತ್ತಿದ್ದರು. ಅಕ್ಬರನ ಆಸ್ಥಾನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದವೆಂದು ಅಬುಲ್ ಫಝಲ್ 'ಐನೆ ಅಕ್ಬರಿ'ಯಲ್ಲಿ ದಾಖಲಿಸಿದ್ದಾನೆ. ಬೇರೆ ಬೇರೆ ತಳಿಗಳನ್ನು ಬೆರೆಸಿ ಹೊಸ ಹಕ್ಕಿಗಳನ್ನು ಪಡೆಯುವುದರಲ್ಲಿ ಬಾದಶಹನಿಗೆ ವಿಶೇಷ ಆಸಕ್ತಿಯಿತ್ತು. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಪ್ರಸಿದ್ಧ ಗ್ರಂಥದ ಮೊದಲ ಅಧ್ಯಾಯದಲ್ಲೇ ಅಕ್ಬರನ ಈ ಪಾರಿವಾಳಗಳನ್ನು ನೆನೆಯುತ್ತಾನೆ. ಯುವಕನಾಗಿದ್ದಾಗ ದುಂಬಿಗಳನ್ನು ಹಿಡಿಯುತ್ತ ಅಲೆದವನು, ನಡುವಯಸ್ಸಿನಲ್ಲಿ ಪಾರಿವಾಳ ಸಾಕಿ ಲಂಡನ್ನಿನ ಪಾರಿವಾಳಪ್ರಿಯರ ಸಂಘಗಳಿಗೆ ಸೇರಿದವನು ಅವನು. ಮನುಷ್ಯ ಆರಿಸುವ ಬಗೆಯನ್ನು ನೋಡಿಯೇ ಪ್ರಕೃತಿ ಆರಿಸುವ ಬಗೆಯನ್ನು ಅವನು ವಿವರಿಸಿದ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕರ್ನಾಟಕದಲ್ಲೇ ಹುಳುವಿನ ವಂಶಾವಳಿ ಇಡುವ ಕಸುಬು ಇದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ನೆಲೆಯೂರಿದ ರೇಷ್ಮೆಯ ಕಸುಬು ಅದು. ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪೆಬ್ರಿನ್ ಎಂಬ ಗಂಟು ರೋಗದ ಕಣ ಕಂಡರೆ ಆ ತಾಯಿಯ ಮೊಟ್ಟೆಗಳನ್ನು ನಾಶಮಾಡುತ್ತಾರೆ. ಈ ರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. 1865ರಿಂದ ಐದು ವರ್ಷ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಮಾಡಿದ ಸಂಶೋಧನೆಯಿಂದ ಬಂದ ವಿಧಾನ ಇದು. ಯಾವ ಮೊಟ್ಟೆ ಯಾವ ತಾಯಿಯದು ಎಂಬ ಲೆಕ್ಕ ತಪ್ಪಿದರೆ ಇಡೀ ಊರಿನ ಹುಳುಮನೆಗಳು ಮುಳುಗುತ್ತವೆ. ನಮ್ಮ ಹುಡುಗನ ಕೋಷ್ಟಕವೂ ಈ ಪುಸ್ತಕಗಳ ಸಾಲಿಗೇ ಸೇರಿದ್ದು.

ಇಷ್ಟು ಮೆಚ್ಚಿಕೊಂಡ ಮೇಲೆ ತಕರಾರು.

ಮರುದಿನ ಹುಡುಗನನ್ನು ಕರೆದುಕೊಂಡು ಹದಿನಾರು ಕಿಲೋಮೀಟರ್ ದೂರದ ಹಳೇಬೀಡಿಗೆ ಹೋದೆವು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು, ಹಳೇಬೀಡಿನ ಹೊಯ್ಸಳೇಶ್ವರ ಅದರ ನಂತರದ ವರ್ಷಗಳದು. ಸೋಮನಾಥಪುರದ ಜೊತೆಗೆ ಇವೆರಡೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹೊಯ್ಸಳೇಶ್ವರದ ಹೊರಗೋಡೆಯ ಬುಡದಲ್ಲಿ ಸಾಲು ಸಾಲು ಪಟ್ಟಿಕೆಗಳು: ಎಲ್ಲಕ್ಕಿಂತ ಕೆಳಗೆ ಆನೆಗಳು, ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕತೆಗಳು, ಮಕರಗಳು, ಕೊನೆಗೆ ಹಂಸಗಳು. ಮಕರವನ್ನು ತೋರಿಸಿ ಗೈಡ್ ವಿವರಿಸುತ್ತಿದ್ದರು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ. ಒಂದೊಂದು ಪ್ರಾಣಿಯಿಂದ ಒಂದೊಂದು.

ಹುಡುಗ ನಮ್ಮ ಕಿವಿಯಲ್ಲಿ ಹೇಳಿದ. "ಮಾಮು, ಇದಕ್ಕೆ ಆರಕ್ಕೂ ಮೂವತ್ತೊಂದು ಕೊಟ್ಟುಬಿಟ್ಟಿದ್ದಾರೆ."

ಮಾತು ತಮಾಷೆಯದಾದರೂ ಯೋಚಿಸುವಂಥದ್ದು. ಎಲ್ಲ ಪ್ರಾಣಿಗಳಿಂದಲೂ ಉತ್ತಮವಾದದ್ದನ್ನು ಆರಿಸಿ ಒಂದು ಜೀವಿಯನ್ನು ಮಾಡುವ ಆಸೆ ಒಂಬೈನೂರು ವರ್ಷದ ಹಿಂದಿನ ಶಿಲ್ಪಿಗೂ ಇತ್ತು, ಇಂದಿನ ಆಟಗಾರನಿಗೂ ಇದೆ. ವ್ಯತ್ಯಾಸ ಎಲ್ಲಿದೆ? ಅದು ತಿಳಿಯಬೇಕಾದರೆ ಮಕರದಿಂದ ಕಣ್ಣು ಕೆಳಗಿಳಿಸಿ ಆನೆಗಳ ಸಾಲನ್ನು ನೋಡಬೇಕು. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ ಗೈಡ್‌ಗಳು. ಒಂದು ಆನೆ ಸೊಂಡಿಲು ಮಡಚಿದೆ, ಇನ್ನೊಂದು ಮುಂದಿನದರತ್ತ ಚಾಚಿದೆ. ಸಾಲಿನ ಸೊಗಸು ಇರುವುದೇ ಈ ಭೇದದಲ್ಲಿ. ಒಂದು ಅತ್ಯುತ್ತಮ ಆನೆಯನ್ನು ಕೆತ್ತಿ ಅದನ್ನೇ ಗೋಡೆಯುದ್ದಕ್ಕೂ ಅಚ್ಚುಹಾಕಿದ್ದರೆ ಹಳೇಬೀಡನ್ನು ನೋಡಲು ಯಾರೂ ಬರುತ್ತಿರಲಿಲ್ಲ.

ದುಂಬಿ ಆಟದ ಗುರಿ ಇದಕ್ಕೆ ತದ್ವಿರುದ್ಧ. ಅಲ್ಲಿ ಪರಿಪೂರ್ಣತೆಗೆ ಒಂದೇ ಒಂದು ರೂಪ: 31, 31, 31, 31, 31, 31. ಬೇಲೂರಿನ ಹುಡುಗನ ಪರಿಪೂರ್ಣ ದುಂಬಿಗೂ ಒಸಾಕಾದ ಹುಡುಗಿಯ ಪರಿಪೂರ್ಣ ದುಂಬಿಗೂ ಹುಟ್ಟುಗುಣದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ನೂರಾರು ಭಿನ್ನ ಜೀವಿಗಳನ್ನು ಹುಟ್ಟಿಸಿ, ಅವುಗಳಲ್ಲಿ ಭೇದವೇ ಉಳಿಯದ ಒಂದನ್ನು ತಲುಪಿದಾಗ ಆಟ ಗೆದ್ದಂತೆ. ಇದು ಆ ಆಟದ ಲೋಕದೃಷ್ಟಿಯ ಮೊದಲ ದೋಷ.

ಎರಡನೆಯದು ರಕ್ತಸಂಬಂಧದ ವಿಷಯ. ಆಟದಲ್ಲಿ ತಾಯಿಯನ್ನು ಮಗನೊಂದಿಗೆ, ಅಣ್ಣನನ್ನು ತಂಗಿಯೊಂದಿಗೆ ಎಷ್ಟು ತಲೆಮಾರು ಜೋಡಿಮಾಡಿದರೂ ಯಾವ ಹಾನಿಯೂ ಇಲ್ಲ. ನಿಜವಾದ ಜೀವಲೋಕದಲ್ಲಿ ಹಾಗಲ್ಲ. ಹತ್ತಿರದ ರಕ್ತವನ್ನೇ ಮತ್ತೆ ಮತ್ತೆ ಕೂಡಿಸಿದರೆ ಮರಿಗಳು ಬಡವಾಗುತ್ತವೆ, ಅಡಗಿದ್ದ ರೋಗಗಳು ಮೇಲೆ ಬರುತ್ತವೆ. ರೇಷ್ಮೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಮೈಸೂರು ತಳಿಯ ಹೆಣ್ಣನ್ನು ಹೊರಗಿನ ದ್ವಿಫಲ ತಳಿಯ ಗಂಡಿನೊಂದಿಗೆ ಕೂಡಿಸಿದ ಮಿಶ್ರತಳಿಯೇ ನಮ್ಮ ರೈತರ ಕೈಹಿಡಿದದ್ದು. ಸ್ವಾರಸ್ಯವೆಂದರೆ ಈ ಆಟ ಮಾಡಿದವರಿಗೂ ಎಲ್ಲೋ ಒಂದು ಕಡೆ ಇದರ ಅರಿವಿದ್ದಂತಿದೆ. ಬಣ್ಣವೇ ಬೇರೆಯಾದ ಅಪರೂಪದ ಮರಿ ಹುಟ್ಟುವ ಸಾಧ್ಯತೆ ಸಾಮಾನ್ಯವಾಗಿ 4096ರಲ್ಲಿ ಒಂದು. ತಾಯಿತಂದೆಯರು ಬೇರೆ ಬೇರೆ ಭಾಷೆಯ ಆವೃತ್ತಿಗಳಿಂದ ಬಂದವರಾಗಿದ್ದರೆ ಅದು 4096ರಲ್ಲಿ ಆರಕ್ಕೆ ಏರುತ್ತದೆ. ನಮ್ಮ ಹುಡುಗ ಇಂಟರ್‌ನೆಟ್ಟಿನಲ್ಲಿ ಯಾರೋ ಅಪರಿಚಿತರಿಂದ ಜಪಾನಿ ಲಿಪಿಯ ಹೆಸರಿರುವ ಒಂದು ದುಂಬಿಯನ್ನು ಪಡೆದು ಜೋಪಾನ ಮಾಡಿಕೊಂಡಿರುವುದು ಈ ಕಾರಣಕ್ಕೇ. ಪರಭಾಷೆಯ ಸಂಬಂಧ ಮಾಡಿದವರಿಗೆ ಬಹುಮಾನ ಕೊಡುವ ನಿಯಮ ನಮಗಂತೂ ತುಂಬ ಹಿಡಿಸಿತು.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. 214ರಲ್ಲಿ ಎಷ್ಟನ್ನು ಇಟ್ಟುಕೊಂಡೆ ಎಂದು ಕೇಳಿದೆವು. ಒಂಬತ್ತು ಎಂದ. ಉಳಿದ 205? ಕೆಲವನ್ನು ಗುಂಡಿ ಒತ್ತಿ ಬಿಟ್ಟುಬಿಟ್ಟಿದ್ದ. ಉಳಿದವನ್ನು 'ಅಚ್ಚರಿ ವಿನಿಮಯ' ಎಂಬ ವ್ಯವಸ್ಥೆಯಲ್ಲಿ ದಾಟಿಸಿದ್ದ. ಅಲ್ಲಿ ನಾವು ಒಂದು ಜೀವಿಯನ್ನು ಹಾಕಿದರೆ ಲೋಕದ ಯಾವುದೋ ಮೂಲೆಯ ಅಪರಿಚಿತರು ಹಾಕಿದ ಇನ್ನೊಂದು ಬರುತ್ತದೆ. ನಮಗೆ ಬೇಡವಾದದ್ದು ಇನ್ನೊಬ್ಬರ ಬಾಗಿಲಿಗೆ, ಅವರಿಗೆ ಬೇಡವಾದದ್ದು ನಮ್ಮ ಬಾಗಿಲಿಗೆ. ಬಿಟ್ಟ ದುಂಬಿ ಎಲ್ಲಿಗೆ ಹೋಯಿತು, ಏನು ತಿಂದಿತು, ಯಾರು ನೋಡಿಕೊಂಡರು ಎಂಬ ಪ್ರಶ್ನೆ ಆಟದಲ್ಲಿ ಹುಟ್ಟುವುದೇ ಇಲ್ಲ. ನಿಜವಾದ ತಳಿ ಸಂವರ್ಧನೆಯಲ್ಲಿ 'ಬಿಟ್ಟೆ' ಎಂಬ ಷರಾದ ಹಿಂದೆ ಒಂದು ಮೈಯಿರುತ್ತದೆ, ಅದಕ್ಕೊಂದು ಹಸಿವಿರುತ್ತದೆ, ಅದು ನಿಲ್ಲಲು ನೆಲ ಬೇಕಾಗುತ್ತದೆ.

ಅದಕ್ಕೆ ಸಾಕ್ಷಿ ನಮ್ಮ ಸೀಮೆಯಲ್ಲೇ ಇದೆ. ಹಳೇಬೀಡಿನಿಂದ ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವಾಗ ಮಲೆನಾಡಿನ ಹಸಿರು ಹಿಂದೆ ಸರಿದು ಬಯಲುಸೀಮೆ ತೆರೆದುಕೊಳ್ಳುತ್ತದೆ. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಇಂಥ ಬಯಲುಗಳಲ್ಲೇ ಅಮೃತಮಹಲ್ ಕಾವಲುಗಳು ಹರಡಿಕೊಂಡಿದ್ದವು. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಯ ದನಗಳಿಗೆ ಹೈದರಾಲಿ ಸೈನ್ಯದಲ್ಲಿ ದೊಡ್ಡ ಜಾಗ ಕೊಟ್ಟ. ಟಿಪ್ಪು ಆ ಇಲಾಖೆಗೆ 'ಅಮೃತಮಹಲ್' ಎಂದು ಹೆಸರಿಟ್ಟು ನಿಯಮಗಳ ಹುಕುಂನಾಮೆ ಹೊರಡಿಸಿದ. ಹಾಲು ಕಡಿಮೆ, ಆದರೆ ವೇಗಕ್ಕೂ ದಣಿವರಿಯದ ನಡಿಗೆಗೂ ಈ ಎತ್ತುಗಳಿಗೆ ಸಾಟಿಯಿರಲಿಲ್ಲ. ಹೈದರನ ಸೈನ್ಯ ಇವುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ತೋಪು ಎಳೆಯುವುದೇ ಆ ದಫ್ತರದ ಮುಖ್ಯ ಕಾಲಂ ಆಗಿತ್ತು.

1799ರ ನಂತರ ಬ್ರಿಟಿಷರು ತಮ್ಮ ಸೈನ್ಯಕ್ಕಾಗಿ ಈ ವ್ಯವಸ್ಥೆಯನ್ನು ಉಳಿಸಿಕೊಂಡರು. 1860ರಲ್ಲಿ ಖರ್ಚು ಹೆಚ್ಚೆಂದು ಇಲಾಖೆಯನ್ನೇ ಮುಚ್ಚಿ ಮಂದೆಗಳನ್ನು ಮಾರಿಬಿಟ್ಟರು. ಗುಂಡಿ ಒತ್ತಿ ಬಿಟ್ಟಂತೆ. ಆರು ವರ್ಷದೊಳಗೆ ಪಶ್ಚಾತ್ತಾಪವಾಯಿತು. 1866ರಲ್ಲಿ ಚದುರಿಹೋದ ದನಗಳನ್ನು ಮತ್ತೆ ಕಲೆಹಾಕಿ ಇಲಾಖೆ ಕಟ್ಟಬೇಕಾಯಿತು. ಆಮೇಲೆ ತೋಪು ಎಳೆಯಲು ಬೇರೆ ಯಂತ್ರಗಳು ಬಂದವು, ಹೊಲಕ್ಕೆ ಟ್ರಾಕ್ಟರ್ ಬಂತು. ಯಾವ ಗುಣಕ್ಕಾಗಿ ಶತಮಾನಗಳ ಕಾಲ ಆರಿಸಿದರೋ ಆ ಗುಣವನ್ನು ಕೇಳುವವರೇ ಇಲ್ಲವಾದರು. ಕಾವಲುಗಳು ಒಂದೊಂದಾಗಿ ಕರಗಿದವು. ಚಳ್ಳಕೆರೆ ತಾಲೂಕಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ಕಾವಲು ಭೂಮಿ ಕಳೆದ ದಶಕದ ಹೊತ್ತಿಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಅಲ್ಲಿ ಕುರಿ ದನ ಮೇಯಿಸುತ್ತಿದ್ದ ಹಳ್ಳಿಗಳ ಜನ ಹಸಿರು ನ್ಯಾಯಮಂಡಳಿಯ ತನಕ ಹೋಗಬೇಕಾಯಿತು. ತಳಿಯನ್ನು ಉಳಿಸುವ ಕೆಲಸ ಇಂದು ಅಜ್ಜಂಪುರದ ಸರ್ಕಾರಿ ಕೇಂದ್ರದಲ್ಲಿ ನಡೆಯುತ್ತಿದೆ. ಅಲ್ಲಿ ಹೋರಿಕರುಗಳ ಹರಾಜಿಗೆ ರೈತರು ಈಗಲೂ ದೂರದೂರದಿಂದ ಬರುತ್ತಾರೆ.

ಇದರಿಂದ ನಾವು ಕಲಿಯುವುದೇನು? ಲೆಕ್ಕದ ಪುಸ್ತಕ ತನ್ನ ಯಜಮಾನ ತೆರೆದ ಕಾಲಂ ಬಗ್ಗೆ ಮಾತ್ರ ಹೇಳುತ್ತದೆ. ಎತ್ತಿನ ವೇಗಕ್ಕೆ ಕಾಲಂ ಇತ್ತು. ಎತ್ತು ಮೇಯುವ ನೆಲವನ್ನು ಮುಂದೆ ಕಾಯುವವರು ಯಾರು, ಅದನ್ನು ಮೇಯಿಸುವವನ ಬದುಕೇನು ಎಂಬುದಕ್ಕೆ ಕಾಲಂ ಇರಲಿಲ್ಲ. ಕಾಲಂ ಇಲ್ಲದ ಸಂಗತಿ ಮೊದಲು ಲೆಕ್ಕದಿಂದ, ಆಮೇಲೆ ಲೋಕದಿಂದಲೇ ಮಾಯವಾಗುತ್ತದೆ.

ಈ ಮಾತು ದನಕ್ಕೂ ದುಂಬಿಗೂ ನಿಂತಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ತಳಿಯ ಲೆಕ್ಕ ಮನುಷ್ಯರ ಕಡೆಗೆ ತಿರುಗಿದ ಇತಿಹಾಸ ಕಣ್ಣಮುಂದಿದೆ. ಡಾರ್ವಿನ್‌ನ ಹತ್ತಿರದ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ 'ಯೂಜೆನಿಕ್ಸ್' ಎಂಬ ಪದವನ್ನು ಟಂಕಿಸಿದ. ಒಳ್ಳೆಯ ಕುದುರೆ ನಾಯಿಗಳನ್ನು ಆರಿಸುವಂತೆ ಒಳ್ಳೆಯ ಮನುಷ್ಯರನ್ನು ಆರಿಸಬೇಕೆಂಬ ವಾದ ಅದು. 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ 'ಅಯೋಗ್ಯ'ರೆಂದು ಗುರುತಿಸಿದವರಿಗೆ ಬಲವಂತದ ಸಂತಾನಹರಣದ ಕಾನೂನು ತಂದಿತು. 1933ರಲ್ಲಿ ಜರ್ಮನಿ ಅದೇ ಹಾದಿ ಹಿಡಿಯಿತು, ಅದು ಎಲ್ಲಿಗೆ ಮುಟ್ಟಿತೆಂಬುದು ಎಲ್ಲರಿಗೂ ಗೊತ್ತು. ಅಲ್ಲಿಯೂ ಕೋಷ್ಟಕಗಳಿದ್ದವು, ಅಚ್ಚುಕಟ್ಟಾದ ಗೆರೆಗಳಿದ್ದವು, ಕೊನೆಯಲ್ಲಿ ಷರಾ ಇತ್ತು.

ನಮ್ಮ ದೇಶಕ್ಕೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ಹುಟ್ಟಿನಿಂದಲೇ ಅಂಕ ಹಾಕುವ ಜಾತಿಯ ಪದ್ಧತಿ ಇಲ್ಲಿ ಗಾಲ್ಟನ್‌ಗಿಂತ ಎಷ್ಟೋ ಹಳೆಯದು. ಮುಸ್ಲಿಮರು ಇದಕ್ಕೆ ಹೊರತು ಎಂದು ಹೇಳುವ ಧೈರ್ಯ ನಮಗಿಲ್ಲ. ಮದುವೆಯ ಮಾತು ಬಂದಾಗ ಹುಡುಗಿಯ ಬಣ್ಣ ನೋಡುವುದು, ಖಾನ್ದಾನ್ ಯಾವುದೆಂದು ಕೆದಕುವುದು ನಮ್ಮ ಮನೆಗಳಲ್ಲೂ ನಡೆಯುತ್ತದೆ. ಎಲ್ಲ ಮನುಷ್ಯರೂ ಸಮಾನರೆಂದು ಹೇಳುವ ಬಾಯಿಯೇ ಈ ಪ್ರಶ್ನೆಗಳನ್ನೂ ಕೇಳುತ್ತದೆ.

ಆಟದ ಇನ್ನೊಂದು ನಿಯಮ ಇಲ್ಲಿ ನೆನಪಾಗುತ್ತದೆ. 2016ರಿಂದ ದುಂಬಿಗೆ ತರಬೇತಿ ಕೊಟ್ಟು ಅದರ ಕೊರತೆಯನ್ನು ತುಂಬುವ ಅವಕಾಶವಿದೆ. ಕಡಿಮೆ ಅಂಕದಲ್ಲಿ ಹುಟ್ಟಿದ್ದೂ ಕಣದಲ್ಲಿ 31ರ ದುಂಬಿಗೆ ಸಮನಾಗಿ ನಿಲ್ಲಬಹುದು. ಆದರೆ ಹೀಗೆ ಗಳಿಸಿದ್ದು ಅದರ ಮಕ್ಕಳಿಗೆ ಹೋಗುವುದಿಲ್ಲ, ಹುಟ್ಟಿನ ಅಂಕ ಮಾತ್ರ ಹೋಗುತ್ತದೆ. ಜೀವಶಾಸ್ತ್ರದ ದೃಷ್ಟಿಯಿಂದ ಇದು ಹೆಚ್ಚುಕಡಿಮೆ ಸರಿಯೇ. ಮನುಷ್ಯರ ವಿಷಯದಲ್ಲಿ ಮಾತ್ರ ಅರ್ಧ ಸತ್ಯ. ನಮ್ಮ ತಂಗಿ ಎಸ್ಸೆಸ್ಸೆಲ್ಸಿ ದಾಟಿದ ಮನೆತನದ ಮೊದಲ ಹೆಣ್ಣುಮಗಳು. ಅವಳು ಕಲಿತ ಅಕ್ಷರ ರಕ್ತದಲ್ಲಿ ಇಳಿಯದಿದ್ದರೂ ಅವಳ ಮನೆಯ ಗೋಡೆಯ ಮೇಲಿನ ಪುಸ್ತಕದ ಹಲಗೆಯಾಗಿ, ಮಗನ ಕೈಯ ನೋಟ್ ಪುಸ್ತಕವಾಗಿ ಇಳಿದಿದೆ.

ಸಂಜೆ ಅರಸೀಕೆರೆ ತಲುಪಿದೆವು. ಹುಡುಗನ ನಾನಾ, ಅಂದರೆ ನಮ್ಮ ಅಬ್ಬಾ, ಊರ ಹೊರಗಿನ ತೋಟದಲ್ಲಿದ್ದರು. ತೆಂಗಿನ ಸುಳಿಗೆ ದುಂಬಿ ಬಿದ್ದಿತ್ತು. ಹೊಸ ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುವುದೇ ಅದರ ಗುರುತು. ಮರ ಹತ್ತಿದವನು ಕಬ್ಬಿಣದ ಕೊಕ್ಕೆ ಹಾಕಿ ಹುಳುವನ್ನು ಹೊರಗೆಳೆದು ಕೆಳಗೆ ಎಸೆದ. ಕಪ್ಪು ಮೈ, ತಲೆಯ ಮೇಲೆ ಬಾಗಿದ ಕೊಂಬು. ಹುಡುಗ ಓಡಿಹೋಗಿ ಎತ್ತಿಕೊಂಡ. ಅವನ ಆಟದ ದುಂಬಿಗೆ ಮಾದರಿಯಾದ ಜಪಾನಿನ ಕೊಂಬಿನ ದುಂಬಿಯೂ ನಮ್ಮ ತೆಂಗಿನ ದುಂಬಿಯೂ ಒಂದೇ ಬಳಗದವು.

"ಹಾಳಾದ್ದು, ತಿಪ್ಪೆಯಲ್ಲಿ ಮರಿ ಮಾಡ್ತದೆ, ಮರದ ತಲೆ ತಿಂತದೆ" ಎಂದರು ಅಬ್ಬಾ. ಮೊಮ್ಮಗ ತೂಕ ಮಾಡಿ ಸಾಕುವ ಜೀವಿ ತಾತನ ಲೆಕ್ಕದಲ್ಲಿ ಬರೀ ನಷ್ಟ. ಬಲವಾದ ದುಂಬಿ ಎಂದರೆ ಇಲ್ಲಿ ಇನ್ನೂ ಹೆಚ್ಚು ನಷ್ಟ.

ಅಬ್ಬಾ ಕೂಡ ತಳಿ ಆರಿಸುವವರೇ. ಬಿತ್ತನೆ ಕಾಯಿಗೆಂದು ಹನ್ನೆರಡು ತಾಯಿಮರಗಳಿಗೆ ಸುಣ್ಣದ ಪಟ್ಟೆ ಬಳಿದಿದ್ದಾರೆ. ಬರಗಾಲದಲ್ಲೂ ಕಾಯಿ ಬಿಟ್ಟ ಮರ, ಅಟ್ಟದ ಮೇಲಿಟ್ಟ ಕಾಯಿ ಕೊಳೆಯದೆ ಒಳ್ಳೆಯ ಉಂಡೆ ಕೊಬ್ಬರಿಯಾದ ಮರ. ಅರಸೀಕೆರೆಯಲ್ಲಿ ತೆಂಗಿಗೆಂದೇ ದುಡಿಯುವ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಅಲ್ಲಿನವರು ಹೇಳುವುದೂ ಒಂದೇ ವರ್ಷದ ಫಸಲು ನೋಡಿ ತಾಯಿಮರ ಆರಿಸಬೇಡಿ ಎಂದೇ.

"ತಂದೆ ಮರ ಯಾವುದು ನಾನಾ?" ಎಂದು ಹುಡುಗ ಕೇಳಿದ. ಅವನ ಕೋಷ್ಟಕದಲ್ಲಿ ಅದಕ್ಕೊಂದು ಕಾಲಂ ಇದೆಯಲ್ಲ.

"ಅದು ಅಲ್ಲಾಹನಿಗೇ ಗೊತ್ತು ಬೇಟಾ. ಗಾಳಿ ತರ್ತದೆ, ಜೇನು ತರ್ತದೆ. ತಾಯಿ ಮಾತ್ರ ನಮ್ಮ ಕೈಲಿರೋದು."

ಎತ್ತರದ ತೆಂಗು ಬಹುಮಟ್ಟಿಗೆ ಪರಕೀಯ ಪರಾಗಸ್ಪರ್ಶದಿಂದ ಕಾಯಿಕಟ್ಟುವ ಜಾತಿ. ಸಸಿ ನೆಟ್ಟು ಮೊದಲ ಕಾಯಿ ನೋಡಲು ಆರೇಳು ವರ್ಷ ಬೇಕು, ಮರದ ನಿಜವಾದ ಗುಣ ತಿಳಿಯಲು ಇನ್ನೂ ಕೆಲವು ವರ್ಷ. ಅಬ್ಬಾ ನೆಟ್ಟ ಕೆಲವು ಸಸಿಗಳ ಫಲಿತಾಂಶವನ್ನು ಅವರು ನೋಡುತ್ತಾರೋ ಇಲ್ಲವೋ. ಅರ್ಧ ವಂಶಾವಳಿ ತಿಳಿಯದೆ, ಫಲಿತಾಂಶ ತಾನು ನೋಡದೆ, ಆದರೂ ಆರಿಸುವುದು. ಬರದ ವರ್ಷ ಸೋತ ಮರವನ್ನು ಕಡಿಯದೆ ಇನ್ನೊಂದು ಮಳೆಗಾಲ ಕಾಯುವುದು. ಆಟ ಕಲಿಸದ ಪಾಠಗಳು ಇವು.

ರಾತ್ರಿ ಊಟದ ಹೊತ್ತಿಗೆ ಹುಡುಗನ ಅಂಕಪಟ್ಟಿಯ ಮಾತು ಮತ್ತೆ ಬಂತು. ಬರುವ ವರ್ಷ ಎಸ್ಸೆಸ್ಸೆಲ್ಸಿ, 625ಕ್ಕೆ ಎಷ್ಟು ಬರುತ್ತದೆ, ಪಕ್ಕದ ಮನೆಯವನಿಗೆ ಎಷ್ಟು ಬಂದಿದೆ. ಅವನ ಶಾಲೆಯಲ್ಲಿ ಮಕ್ಕಳನ್ನು ಅಂಕದ ಮೇಲೆ ಎ ಮತ್ತು ಬಿ ಎಂದು ಎರಡು ವಿಭಾಗ ಮಾಡಿದ್ದಾರಂತೆ. ಇವನು ಬಿ. ಆ ಕೋಣೆಗೆ ಒಳ್ಳೆಯ ಮೇಷ್ಟ್ರು ಹೋಗುವುದಿಲ್ಲವಂತೆ. ಹುಡುಗ ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದ. ಆರು ವಿಷಯ, ಆರು ಕಾಲಂ, ಕೊನೆಯಲ್ಲಿ ಒಂದು ಷರಾ. ಅವನಿಗೆ ಈ ಆಟ ಯಾಕೆ ಅಷ್ಟು ಚೆನ್ನಾಗಿ ಅರ್ಥವಾಗಿದೆ ಎಂಬುದು ಆಗ ನಮಗೆ ಹೊಳೆಯಿತು. ನಾವು ಅವನ ಮೇಲೆ ಆಡುತ್ತಿರುವುದನ್ನೇ ಅವನು ದುಂಬಿಗಳ ಮೇಲೆ ಆಡುತ್ತಿದ್ದಾನೆ. ವ್ಯತ್ಯಾಸವಿಷ್ಟೇ, ಅಲ್ಲಿ ಷರಾ ಬರೆಯುವ ಪೆನ್ನು ಅವನ ಕೈಯಲ್ಲಿದೆ.

ಆದ್ದರಿಂದ ಆಟವನ್ನು ನಿಷೇಧಿಸಿ ಎಂದು ನಾವು ಹೇಳುವುದಿಲ್ಲ. ಅದು ಅವನಿಗೆ ಶಾಲೆ ಕಲಿಸಲಾಗದ ಗಣಿತವನ್ನು ಕಲಿಸಿದೆ. ಅವನ ಗಣಿತದ ಮೇಷ್ಟ್ರು ಒಮ್ಮೆ ಆ ನೋಟ್ ಪುಸ್ತಕವನ್ನು ನಾಲ್ಕನೇ ಪುಟದಿಂದಾಚೆಗೂ ತಿರುವಿಹಾಕಲಿ ಎಂಬುದು ನಮ್ಮ ಮೊದಲ ವಿನಂತಿ. ಎರಡನೆಯದು ತಾಯಿತಂದೆಯರಿಗೆ. ಮಕ್ಕಳ ಆಟವನ್ನು ಬೈಯುವ ಮುನ್ನ ಪಕ್ಕದಲ್ಲಿ ಕುಳಿತು ನೋಡಿ. 'ಬಿಟ್ಟೆ' ಎಂದು ಬರೆದ ದುಂಬಿ ಎಲ್ಲಿಗೆ ಹೋಯಿತೆಂದು ಕೇಳಿ. ಆ ಪ್ರಶ್ನೆಯನ್ನು ಆಟ ಕೇಳುವುದಿಲ್ಲ, ನಾವೇ ಕೇಳಬೇಕು. ಮಕ್ಕಳನ್ನು ವಿಭಾಗ ಮಾಡುವ ಶಾಲೆಗಳನ್ನೂ ಅದೇ ಪ್ರಶ್ನೆ ಕೇಳಬೇಕು.

ಊಟವಾದ ಮೇಲೆ ಅಬ್ಬಾ ಮೊಮ್ಮಗನಿಗೆ ಒಂದು ಕೆಲಸ ಹಚ್ಚಿದರು. ಹನ್ನೆರಡು ತಾಯಿಮರಗಳ ಲೆಕ್ಕ ಅವರ ತಲೆಯಲ್ಲಿ ಮಾತ್ರ ಇದೆ, ವಯಸ್ಸಾಯಿತು, ಬರೆದಿಡಬೇಕಂತೆ. ದುಂಬಿ ಪುಸ್ತಕದ ಹಿಂಬದಿಯಿಂದ ಅವನು ಹೊಸ ಕೋಷ್ಟಕ ಶುರುಮಾಡಿದ. ಮರದ ಸಂಖ್ಯೆ, ನೆಟ್ಟ ವರ್ಷ, ಪ್ರತಿ ಕೊಯ್ಲಿನ ಕಾಯಿ, ದುಂಬಿ ಬಿದ್ದದ್ದು ಯಾವಾಗ. ತಂದೆಯ ಕಾಲಂ ಬಿಟ್ಟುಬಿಟ್ಟ. ಷರಾದ ಕಾಲಂ ಎಳೆದಿದ್ದಾನೆ, ಏನೂ ಬರೆದಿಲ್ಲ. ಈ ಮಳೆಗಾಲ ಕಳೆಯಲಿ ಅಂದರಂತೆ ನಾನಾ.